ತಿಮ್ಮನಾಯಕನ ಕೆರೆಯ ಕರಿಕೊಕ್ಕರೆ

ಶಿಡ್ಲಘಟ್ಟದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ಅನಂತರಾಮಯ್ಯನವರಿಗೆ ಊರು ಇಟ್ಟಿದ್ದ ಹೆಸರು ಕೊಕ್ಕರೆ ಮೇಷ್ಟ್ರು. ಸಣಕಲು ಕಾಲು, ಉದ್ದ ಕತ್ತು, ಒಂದು ಹೆಜ್ಜೆ ಇಟ್ಟು ಎರಡು ಗಳಿಗೆ ಯೋಚಿಸುವ ನಡಿಗೆ. ಹೆಸರು ಹೊಂದದೇ ಇರಲಿಲ್ಲ. ಆದರೆ ಊರು ಹಾಗೆ ಕರೆದದ್ದು ಅದಕ್ಕಲ್ಲ. ಭಾನುವಾರ ಬಂತೆಂದರೆ ಊರಿನ ಗಂಡಸರೆಲ್ಲ ತಲೆ ತುಂಬ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂತರೆ, ಇವರು ನಸುಕಿಗೇ ಸೈಕಲ್ ಏರಿ ದಿಬ್ಬೂರಹಳ್ಳಿ ದಾರಿಯ ತಿಮ್ಮನಾಯಕನ ಕೆರೆಗೆ ಹೋಗಿ, ಏರಿಯ ಮೇಲೆ ಕೂತು, ನೀರಿನ ಹಕ್ಕಿಗಳನ್ನು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರುತ್ತಿದ್ದರು. ಹನ್ನೊಂದು ವರ್ಷದಲ್ಲಿ ಒಂದು ಭಾನುವಾರವೂ ತಪ್ಪಿರಲಿಲ್ಲ. ಹೆಂಡತಿ ಅಲಮೇಲು ಹೆತ್ತದ್ದೂ ಒಂದು ಭಾನುವಾರವೇ. ಆ ದಿನದ ಪುಟದಲ್ಲಿ ಮಗುವಿನ ಸುದ್ದಿ ಇಲ್ಲ. ಮೂವತ್ತೊಂದು ಸೂಜಿಬಾಲದ ಬಾತುಗಳಿವೆ.

ಹುಚ್ಚು ಎಂದು ಬಿಟ್ಟುಬಿಡಬಹುದಿತ್ತು. ಹುಚ್ಚಿನಿಂದ ಯಾರಿಗೂ ಅಂಥ ಕೇಡಿಲ್ಲ. ಮೇಷ್ಟ್ರಿಗೆ ಅಂಟಿಕೊಂಡದ್ದು ಅದಕ್ಕಿಂತ ಕೆಟ್ಟದ್ದು, ಅವಮಾನ.

ನಾಲ್ಕು ವರ್ಷದ ಹಿಂದೆ, ೧೯೫೮ರ ಚಳಿಗಾಲದಲ್ಲಿ, ಅವರು ಆ ಕೆರೆಯ ನಡುಗಡ್ಡೆಯ ಅಂಚಿನಲ್ಲಿ ಒಂದು ಕರಿಕೊಕ್ಕರೆ ಕಂಡರು. ಕತ್ತಿನಿಂದ ಬಾಲದವರೆಗೆ ಕಪ್ಪು, ಹೊಟ್ಟೆ ಬಿಳಿ, ಕೊಕ್ಕೂ ಕಾಲೂ ಕೆಂಪು. ಹಿಮಾಲಯದ ಆಚೆ ಮೊಟ್ಟೆ ಇಡುವ ಹಕ್ಕಿ, ನಮ್ಮ ಸೀಮೆಯಲ್ಲಿ ಕಂಡವರೇ ಇಲ್ಲ ಎಂದು ಅವರ ಹತ್ತಿರವಿದ್ದ ಪುಸ್ತಕ ಹೇಳುತ್ತಿತ್ತು. ಮೇಷ್ಟ್ರಿಗೆ ಎರಡು ದಿನ ಅನ್ನ ಸೇರಲಿಲ್ಲ. ಬೆಂಗಳೂರಿನಲ್ಲಿ ಚೆನ್ನರಾಯಪ್ಪನವರೆಂದು ಕಾಡಿನ ಇಲಾಖೆಯಿಂದ ನಿವೃತ್ತರಾದ ದೊಡ್ಡ ಸಾಹೇಬರಿದ್ದರು. ಸಂಸ್ಥಾನದ ಹಕ್ಕಿಗಳ ಮೇಲೆ ದಪ್ಪ ಪುಸ್ತಕ ಬರೆಯುತ್ತಿದ್ದರು. ಅವರು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ಮೇಷ್ಟ್ರು ಅವರಿಗೆ ಆರು ಪುಟದ ಕಾಗದ ಬರೆದರು.

ಉತ್ತರ ಬಂದದ್ದು ಕಾರ್ಡಿನಲ್ಲಿ. “ತಾವು ಕಂಡದ್ದು ಮಾಮೂಲು ಕೊಕ್ಕರೆ. ಪಾಪ, ಸಗಣಿ ನೀರಿನಲ್ಲಿ ಬಿದ್ದೆದ್ದಿರಬೇಕು. ಪಾಠ ಹೇಳುವವರು ಪಾಠ ಹೇಳಿಕೊಂಡಿದ್ದರೆ ಹಕ್ಕಿಗಳಿಗೂ ಕ್ಷೇಮ, ಹುಡುಗರಿಗೂ ಕ್ಷೇಮ.” ಕಾರ್ಡನ್ನು ಮೊದಲು ಅಂಚೆಯವನು ಓದಿದ, ಆಮೇಲೆ ಹೆಡ್ಮೇಷ್ಟ್ರು ಓದಿದರು, ಆಮೇಲೆ ಕಾಫಿಯ ಹೊತ್ತಿಗೆ ಎಲ್ಲರಿಗೂ ಕೇಳುವ ಹಾಗೆ ಓದಿ ಹೇಳಿದರು. ಮಾರನೆಯ ದಿನ ಸ್ಕೂಲಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಒಂದು ಕೊಕ್ಕರೆ ಇತ್ತು, ಅದಕ್ಕೊಂದು ಕನ್ನಡಕ ಇತ್ತು. ಸುಣ್ಣ ಬಳಿದರೂ ಅದು ಒಳಗಿನಿಂದ ಕಾಣುತ್ತಲೇ ಇತ್ತು.

ನಾಲ್ಕು ಚಳಿಗಾಲ ಮೇಷ್ಟ್ರು ಆ ಹಕ್ಕಿಗಾಗಿ ಕಾದರು. ೧೯೬೨ರ ಜನವರಿಯಲ್ಲಿ ಅದು ಬಂತು. ಒಂದು ದಿನವಲ್ಲ, ಎರಡು ದಿನವಲ್ಲ, ಒಂಬತ್ತು ದಿನವಾದರೂ ಅಲ್ಲೇ ಇತ್ತು. ಮೇಷ್ಟ್ರು ಮತ್ತೆ ಬರೆದರು. ಮತ್ತೆ ಕಾರ್ಡು ಬಂತು: “ಸಂಕ್ರಾಂತಿ ಕಳೆದ ಭಾನುವಾರ ಬರುತ್ತೇನೆ. ಹಕ್ಕಿ ಇದ್ದರೆ ನನ್ನ ಪುಸ್ತಕದಲ್ಲಿ ನಿಮ್ಮ ಹೆಸರು. ಇಲ್ಲದಿದ್ದರೆ ಇನ್ನು ಮೇಲೆ ನನಗೆ ಕಾಗದ ಬರೆಯಕೂಡದು.” ಇದನ್ನೂ ಊರೆಲ್ಲ ಓದಿತು. ಹೆಡ್ಮೇಷ್ಟ್ರು ತಾವೂ ಬರುವುದಾಗಿ ಹೇಳಿದರು. ಅವರಿಗೆ ಹಕ್ಕಿಗಳ ಮೇಲೆ ಪ್ರೀತಿ ಎಂದಲ್ಲ; ತಮಾಷೆಯನ್ನು ಕಣ್ಣಾರೆ ಕಾಣಬೇಕಿತ್ತು.

ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಮೇಷ್ಟ್ರು ಊಟಕ್ಕೂ ಹೋಗದೆ ಕೆರೆಗೆ ಸೈಕಲ್ ತುಳಿದರು. ಕೋಡಿಯ ಪಕ್ಕದ ಗುಡಿಸಲಿನಲ್ಲಿ ಬಲೆಗಾರ ಕೊಂಡಪ್ಪ ಇದ್ದ. ಬಾತು, ಬೆಳ್ಳಕ್ಕಿ ಹಿಡಿದು ಸಂತೆಯಲ್ಲಿ ಮಾರುವುದು ಅವನ ಕಸುಬು. ಅವನು ಹಕ್ಕಿ ಹಿಡಿಯುವ ರೀತಿ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಬೆಳ್ಳಕ್ಕಿಯನ್ನು ಹಿಡಿದು, ಅದರ ಮೇಲುರೆಪ್ಪೆಗೂ ಕೆಳರೆಪ್ಪೆಗೂ ಸೂಜಿಯಲ್ಲಿ ದಾರ ಹಾಕಿ ಹೊಲಿದು, ಕೆಸರಿನಲ್ಲಿ ನಿಲ್ಲಿಸುತ್ತಿದ್ದ. ಕಣ್ಣು ಕಾಣದ ಹಕ್ಕಿ ಹಾರುವುದಿಲ್ಲ, ಕೂಗುವುದಿಲ್ಲ, ಬೆದರುವುದೂ ಇಲ್ಲ. ಮೇಲೆ ಹಾರುವ ಹಕ್ಕಿಗಳಿಗೆ ಅದು ಹಾಯಾಗಿ ಮೇಯುತ್ತಿರುವಂತೆ ಕಂಡು, ನಂಬಿ ಕೆಳಗೆ ಇಳಿದು ಬಲೆಗೆ ಬೀಳುತ್ತಿದ್ದವು. ಮೂರು ವರ್ಷದ ಹಿಂದೆ ಮೇಷ್ಟ್ರು ಇದನ್ನು ನೋಡಿ ಅವನಿಗೆ ಅರ್ಧ ಗಂಟೆ ಪಾಪ ಪುಣ್ಯದ ಮಾತು ಹೇಳಿದ್ದರು. ಕೊಂಡಪ್ಪ ಕೈ ಕಟ್ಟಿಕೊಂಡು ಕೇಳಿ, “ಅಂತೇ ಸಾಮಿ, ನೀವಂದಂಗೇ” ಎಂದು, ಇನ್ನೊಂದು ಬೆಳ್ಳಕ್ಕಿ ಹೊಲಿಯಲು ಹೋಗಿದ್ದ.

ಈಗ ಅವನು ಏರಿಯ ಮೇಲೆ ನಿಂತು ತಲೆ ಆಡಿಸಿದ. “ಸಾಮಿ, ನಿಮ್ಮ ಕರಿಹಕ್ಕಿ ನೆನ್ನೆಯಿಂದ ಒಂದು ಕಡೆ ನಿಲ್ತಾ ಇಲ್ಲ. ಎರಡು ಸಲ ಎದ್ದು ಮೇಲೆ ಸುತ್ತಿ ಬಂತು. ಗಾಳಿ ತಿರುಗೈತೆ. ಇವತ್ತಲ್ಲ ನಾಳೆ ಬೆಳಿಗ್ಗೆ ಹೊರಟೋಗ್ತದೆ.”

“ನಾಳೆ ಮಧ್ಯಾಹ್ನದವರೆಗಾದರೂ ಇರಲ್ವೇನೋ?”

“ಅದೇನು ನಿಮ್ಮ ಸ್ಕೂಲು ಹುಡುಗನಾ, ಬೆಲ್ ಹೊಡೆಯೋವರೆಗೂ ಇರೋಕೆ?”

ಮೇಷ್ಟ್ರು ಕೆರೆ ನೋಡಿದರು. ಹಕ್ಕಿ ನಡುಗಡ್ಡೆಯ ಅಂಚಿನಲ್ಲಿ ಒಂದು ಕಾಲು ಎತ್ತಿ ನಿಂತಿತ್ತು, ಕತ್ತು ಮಾತ್ರ ಆಕಾಶದ ಕಡೆ. ಕೊಂಡಪ್ಪ ಬೀಡಿ ಹಚ್ಚಿದ. “ಹೋಗದಂಗೆ ಮಾಡ್ಲಾ ಸಾಮಿ? ನಂಗೊಂದು ಅರ್ಜಿ ಬರೆದುಕೊಟ್ರೆ ಸಾಕು. ಈ ಗುಡಿಸಲು ಜಾಗ ನಂದೇ ಅಂತ ಅಮಲ್ದಾರ್ರಿಗೆ.”

ಹೇಗೆ ಎಂದು ಮೇಷ್ಟ್ರು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಬೇಡ ಎನ್ನಬೇಕಾಗುತ್ತದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಮೇಷ್ಟ್ರು ಸೈಕಲ್ಲಿನ ಹ್ಯಾಂಡಲ್ ತಿರುಗಿಸಿಕೊಂಡು, ನೆಲ ನೋಡುತ್ತ, ಒಂದೇ ಮಾತು ಹೇಳಿದರು.

“ಹಗ್ಗ ಕಾಣಬಾರದು.”

ಭಾನುವಾರ ಎಂಟು ಗಂಟೆಗೆ ಚೆನ್ನರಾಯಪ್ಪನವರ ಜೀಪು ಬಂತು. ನಂದಿಯ ಕಡೆಯಿಂದ ಬಂದ ಮಂಜು ಇನ್ನೂ ಕೆರೆಯ ಮೇಲೆ ಕೂತಿತ್ತು. ಸಾಹೇಬರು ಎತ್ತರದ ಆಳು. ಬಿಳಿ ಮೀಸೆ, ತಲೆಗೆ ಹ್ಯಾಟು, ಎಪ್ಪತ್ತರ ಹತ್ತಿರ ವಯಸ್ಸು. ಒಂದು ಕಣ್ಣಿನ ಪೊರೆ ತೆಗೆಸಿದ್ದರು, ಇನ್ನೊಂದರಲ್ಲಿ ಪೊರೆ ಬೆಳೆಯುತ್ತಿತ್ತು. ಇಳಿಯುತ್ತಲೇ, “ಏನ್ರೀ ಮೇಷ್ಟ್ರೇ, ಎಲ್ಲಿ ನಿಮ್ಮ ಸಗಣಿ ಕೊಕ್ಕರೆ?” ಎಂದರು. ಹೆಡ್ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಮಂಜು ಕರಗಲಿ ಸಾರ್. ಅದು ಆ ಕಡೆ ಕೊನೇಲಿರುತ್ತೆ. ಕೆರೆ ಸುತ್ತಿಕೊಂಡು ಹೋಗಣ,” ಎಂದರು ಮೇಷ್ಟ್ರು.

ಆ ದಿನ ಕೆರೆ ಕೊಟ್ಟಿತು ನೋಡಿ, ಬೇಡುವ ಮೊದಲೇ ಕೊಟ್ಟಿತು! ಮಂಜು ಹರಿದದ್ದೇ ತಡ, ನೀರಿನ ಮೇಲೆ ನಾಮದ ಕೋಳಿಗಳು ಸಾವಿರಗಟ್ಟಲೆ. ಅವುಗಳ ನಡುವೆ ಸೂಜಿಬಾಲದ ಬಾತು, ಚಮಚದ ಕೊಕ್ಕಿನ ಬಾತು. ಎದುರು ಗದ್ದೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ನಲವತ್ತು ಒಟ್ಟಿಗೆ ಎದ್ದು, ತಲೆಯ ಮೇಲೇ ಕೂಗಿಕೊಂಡು ಹೋಗಿ ನೀರಿಗಿಳಿದವು. ತೂಬಿನ ಕಂಬದ ಮೇಲಿಂದ ಮೀನುಡೇಗೆಯೊಂದು ಕಲ್ಲು ಬಿದ್ದ ಹಾಗೆ ಬಿದ್ದು, ಮೊಳದುದ್ದದ ಮೀನನ್ನು ಹೊತ್ತು ಎದ್ದಿತು. ಚೆನ್ನರಾಯಪ್ಪನವರು ಹುಡುಗನಂತೆ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಬರಿಗಣ್ಣಿಗೇ ಒಂದೊಂದನ್ನೂ ಹೆಸರು ಹಿಡಿದು ತೋರಿಸುತ್ತ ಹೋದರು. ಜೊಂಡಿನೊಳಗೆ ಅಡಗಿದ್ದ ಗುಪ್ಪಿ ಹಕ್ಕಿಯನ್ನು ಬರೀ ಸದ್ದಿನಿಂದಲೇ ಹೇಳಿದರು. ಸಾಹೇಬರು ದುರ್ಬೀನಿನಲ್ಲಿ ಹುಡುಕಿ ನೋಡಿ, “ಹೌದ್ರೀ!” ಎಂದರು. ಹತ್ತು ಸಲ ಹೌದ್ರೀ ಎಂದ ಮೇಲೆ ಆ ಮಾತಿನಲ್ಲಿ ಗೇಲಿ ಉಳಿಯಲಿಲ್ಲ.

ಹನ್ನೊಂದು ಗಂಟೆಗೆ ಹುಣಸೆಮರದ ನೆರಳಲ್ಲಿ ಕೂತು ಅಲಮೇಲು ಕಟ್ಟಿಕೊಟ್ಟ ಅವರೆಕಾಳಿನ ಉಪ್ಪಿಟ್ಟು ತಿಂದರು. ಎಣಿಸಿದರೆ ಅರವತ್ತೆಂಟು ಬಗೆ ಹಕ್ಕಿ. “ಮೂವತ್ತು ವರ್ಷದಲ್ಲಿ ಇಂಥ ಬೆಳಿಗ್ಗೆ ನಾನು ಕಂಡಿಲ್ಲ ಕಣ್ರೀ,” ಎಂದರು ಚೆನ್ನರಾಯಪ್ಪನವರು. ಮೇಷ್ಟ್ರ ಎದೆ ತುಂಬಿ ಬಂತು. ನಿಜ ಹೇಳಬೇಕೆಂದರೆ, ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ಕರಿಕೊಕ್ಕರೆ ಹಾರಿಹೋಯಿತು ಸಾರ್ ಎಂದಿದ್ದರೂ ಆ ಮುದುಕರು ಅಂದು ನಂಬಿಬಿಡುತ್ತಿದ್ದರು. ಹೆಡ್ಮೇಷ್ಟ್ರು ಉಪ್ಪಿಟ್ಟಿನ ಕೈ ನೆಕ್ಕುತ್ತ, “ಇನ್ನು ಆ ಅರವತ್ತೊಂಬತ್ತನೇದು?” ಎಂದರು. ಮೇಷ್ಟ್ರು ಎದ್ದರು.

ಏರಿಯ ಕೊನೆಯ ತಿರುವಿನಿಂದ ನಡುಗಡ್ಡೆ ಅರವತ್ತು ಗಜ. ಅಂಚಿನ ನೀರಿನಲ್ಲಿ, ಜಾಲಿಮರದ ಮುಂದೆ, ಕರಿಕೊಕ್ಕರೆ ನಿಂತಿತ್ತು. ಏರಿದ ಬಿಸಿಲಿಗೆ ಅದರ ಬೆನ್ನಿನ ಕಪ್ಪು ಹಸಿರಾಗಿ ಹೊಳೆಯುತ್ತಿತ್ತು. ಕಾಲು ಮೊಣಕಾಲಿನವರೆಗೆ ನೀರೊಳಗೆ, ಹಗ್ಗ ಕಾಣುತ್ತಿರಲಿಲ್ಲ. ಕೊಂಡಪ್ಪ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು.

ಚೆನ್ನರಾಯಪ್ಪನವರು ದುರ್ಬೀನು ಕಣ್ಣಿಗೆ ಹಿಡಿದರು. “ಕಪ್ಪು. ಹೊಟ್ಟೆ ಬಿಳಿ. ಕಾಲು ಕೆಂಪು,” ಎಂದು ತಮಗೆ ತಾವೇ ಹೇಳಿಕೊಂಡರು. “ಎಷ್ಟು ಸ್ಥಿರವಾಗಿದೆ ನೋಡ್ರೀ! ಒಂಚೂರೂ ಭಯ ಇಲ್ಲ. ಮೇಷ್ಟ್ರೇ, ನನ್ನ ಹಾಳು ಕಣ್ಣಿಗೆ ಮುಖ ಸರಿಯಾಗಿ ಸಿಗ್ತಿಲ್ಲ. ಪೂರ್ತಿ ಬೆಳೆದ ಹಕ್ಕಿ ಆದರೆ ಕಣ್ಣಿನ ಸುತ್ತ ಕೆಂಪು ಚರ್ಮ ಇರಬೇಕು. ಅದೊಂದು ಇದ್ದರೆ ಮುಗೀತು. ನೀವು ನೋಡಿ ಹೇಳಿ.”

ಮೇಷ್ಟ್ರು ಹುಟ್ಟಿದ ಮೇಲೆ ಮೊದಲ ಸಲ ದುರ್ಬೀನು ಹಿಡಿದರು. ತಿರುಗಣೆ ತಿರುಗಿಸಿದರು. ಹಕ್ಕಿಯ ಮುಖ ಮಸುಕಿನಿಂದ ಎದ್ದು ಅವರ ಮುಖದ ಎದುರಿಗೇ ಬಂದು ನಿಂತಿತು. ಕಣ್ಣಿನ ಜಾಗದಲ್ಲಿ ಕಣ್ಣಿರಲಿಲ್ಲ. ಮುಚ್ಚಿದ ರೆಪ್ಪೆಯ ಅಂಚಿನಲ್ಲಿ ಹಸಿ ರೇಷ್ಮೆ ದಾರದ ನಾಲ್ಕು ಹೊಲಿಗೆ, ಹೊಲಿಗೆಯ ಕೆಳಗೆ ರಕ್ತ ಒಣಗಿ ಕೊಕ್ಕಿನವರೆಗೆ ಇಳಿದಿತ್ತು. ಅದರ ಸುತ್ತ, ಪುಸ್ತಕದಲ್ಲಿ ಹೇಳಿದ ಹಾಗೇ, ಕೆಂಪು ಚರ್ಮ.

“ಕೆಂಪಿದೆ ಸಾರ್.”

“ಖಂಡಿತ?”

“ಖಂಡಿತ ಸಾರ್. ಚೆನ್ನಾಗಿ ಕಾಣ್ತಿದೆ.”

ಚೆನ್ನರಾಯಪ್ಪನವರು ಮೇಷ್ಟ್ರ ಕೈ ಹಿಡಿದು ಕುಲುಕಿದರು. ಹೆಡ್ಮೇಷ್ಟ್ರ ಕಡೆ ತಿರುಗಿ, “ನಿಮ್ಮ ಸ್ಕೂಲಿನ ಪುಣ್ಯ ಕಣ್ರೀ ಇವರು. ಆ ಕಾರ್ಡು ಬರೆದದ್ದು ನಂದು ತಪ್ಪು. ನಿಮ್ಮೆದುರಿಗೇ ಹೇಳ್ತಿದ್ದೀನಿ,” ಎಂದರು. ಹೆಡ್ಮೇಷ್ಟ್ರ ಮುಖ ಇಂಗು ತಿಂದ ಮಂಗನ ಮುಖವಾಯಿತು. ನಾಲ್ಕು ವರ್ಷದಿಂದ ಮೇಷ್ಟ್ರು ಹಗಲೂ ರಾತ್ರಿ ಬೇಡಿಕೊಂಡಿದ್ದ ಗಳಿಗೆ ಇದೇ. ಅದು ಬಂದು ಮುಗಿಯುವುದರೊಳಗೇ ಸಾಹೇಬರು ಜೀಪಿನ ಕಡೆ ಹೊರಟಿದ್ದರು.

“ಕೋವಿ ತರ್ತೀನಿ. ಕಂಡೆ ಅಂದರೆ ತಿಳಿದೋರು ಯಾರೂ ಒಪ್ಪಲ್ಲ, ಹಕ್ಕಿ ಕೈಗೆ ಸಿಗಬೇಕು. ಚರ್ಮ ಸುಲಿದು ಹತ್ತಿ ತುಂಬಿ ಇಟ್ಟರೆ ನೂರು ವರ್ಷ ಸಾಕ್ಷಿ. ನೀರಿಗಿಳಿದು ಹತ್ತಿರ ಹೋದರೆ ಈ ಕಣ್ಣಿಗೂ ಗುರಿ ಸಿಗುತ್ತೆ.”

ಹತ್ತಿರ ಹೋದರೂ ಕೆಟ್ಟಿತು, ಹೊಡೆದು ತಂದರಂತೂ ಮುಗಿಯಿತು; ಹೊಲಿದ ಕಣ್ಣು ಸಾಹೇಬರ ಅಂಗೈಯಲ್ಲೇ ಇರುತ್ತದೆ. ಹೆಡ್ಮೇಷ್ಟ್ರು ಅದನ್ನು ಸಾಯುವವರೆಗೆ ಕಾಫಿಯ ಹೊತ್ತಿಗೆ ಹೇಳುತ್ತಾರೆ. ಮೇಷ್ಟ್ರು ಓಡಿಹೋಗಿ ಸಾಹೇಬರ ಮುಂದೆ ಎರಡೂ ಕೈ ಅಗಲಿಸಿ ನಿಂತರು.

“ಬೇಡ ಸಾರ್! ಎಷ್ಟೋ ಸಾವಿರ ಮೈಲಿ ಹಾರಿ ನಮ್ಮ ಊರನ್ನ ನಂಬಿ ಬಂದಿದೆ ಅದು. ಮನೆಗೆ ಬಂದ ಅತಿಥೀನ ಯಾರಾದರೂ ಕೊಲ್ತಾರಾ ಸಾರ್? ಎಷ್ಟು ನಂಬಿಕೆಯಿಂದ ನಿಂತಿದೆ ನೀವೇ ನೋಡಿದಿರಿ. ನನ್ನ ಹೆಸರು ಬರೀಬೇಡಿ, ಬೇಕಾದರೆ ಸುಳ್ಳುಗಾರ ಅಂತ ಇನ್ನೊಂದು ಕಾರ್ಡು ಬರೀರಿ. ಅದರ ಜೀವಕ್ಕೆ ಮಾತ್ರ ಕೈ ಹಾಕಬೇಡಿ.”

ಹೇಳುತ್ತ ಹೇಳುತ್ತ ಅವರ ಕಣ್ಣಲ್ಲಿ ನೀರು ಬಂತು. ನನಗೆ ಆ ಮನುಷ್ಯನ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ಇಲ್ಲೇ. ಅದು ನಾಟಕದ ಕಣ್ಣೀರಾಗಿದ್ದರೆ ಹಾಳಾಗಿಹೋಗಲಿ ಎನ್ನಬಹುದಿತ್ತು. ಆ ಗಳಿಗೆಯಲ್ಲಿ ಮೇಷ್ಟ್ರು ತಮ್ಮ ಮಾತನ್ನು ತಾವೇ ನಂಬಿದ್ದರು. ತಾವು ಆ ಹಕ್ಕಿಯನ್ನು ಕಾಪಾಡುತ್ತಿದ್ದೇವೆ ಎಂದೇ ಅವರಿಗೆ ಅನ್ನಿಸುತ್ತಿತ್ತು.

ಚೆನ್ನರಾಯಪ್ಪನವರು ನಿಂತಲ್ಲೇ ನಿಂತರು. “ಎಷ್ಟು ಹಕ್ಕಿ ಹೊಡೆದಿದ್ದೀನೋ ನನಗೇ ಗೊತ್ತಿಲ್ಲ,” ಎಂದರು ಮೆಲ್ಲಗೆ. “ಒಬ್ಬರೂ ಹೀಗೆ ಅಡ್ಡ ನಿಂತಿರಲಿಲ್ಲ.” ಕತ್ತಿನಿಂದ ದುರ್ಬೀನು ತೆಗೆದು ಮೇಷ್ಟ್ರ ಕತ್ತಿಗೆ ಹಾಕಿದರು. “ಇದು ನಿಮ್ಮ ಹತ್ತಿರ ಇರಲಿ. ನನ್ನ ಕಣ್ಣಿಗೆ ಇದು ದಂಡ. ಸಾಕ್ಷಿಗೆ ಬೇರೆ ದಾರಿ ಮಾಡ್ತೀನಿ. ಮುಂದಿನ ಭಾನುವಾರ ಬೆಂಗಳೂರಿಂದ ಹದಿನೈದು ಜನ ತಿಳಿದೋರನ್ನ ಕರ್ಕೊಂಡು ಬರ್ತೀನಿ. ಹದಿನಾರು ಜನ ಕಂಡು ಸಹಿ ಹಾಕಿದರೆ ಅದೇ ಸಾಕ್ಷಿ. ಅಲ್ಲೀವರೆಗೂ ಇರುತ್ತಾ ಅದು?”

“ಇರುತ್ತೆ ಸಾರ್,” ಎಂದುಬಿಟ್ಟರು ಮೇಷ್ಟ್ರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಜೀಪು ಹೆಡ್ಮೇಷ್ಟ್ರನ್ನು ಕೂರಿಸಿಕೊಂಡು ಹೊರಟಿತು. ಮೇಷ್ಟ್ರು ಹುಣಸೆಮರದ ಕೆಳಗೆ ಒಬ್ಬರೇ ಕೂತು, ತಮ್ಮ ಹೆಸರು ಅಚ್ಚಾಗುವುದನ್ನು ನೆನೆಯುತ್ತ, ನಡುಗಡ್ಡೆಯ ಕಡೆ ಒಮ್ಮೆಯೂ ದುರ್ಬೀನು ಎತ್ತದೆ ಮಧ್ಯಾಹ್ನ ಕಳೆದರು. ಹೊತ್ತು ಇಳಿದಾಗ ನೀರಿನಲ್ಲಿ ಸದ್ದಾಯಿತು. ಕೊಂಡಪ್ಪ ಪಂಚೆ ಮೇಲಕ್ಕೆ ಕಟ್ಟಿ ನಡುಗಡ್ಡೆಗೆ ಹೋಗುತ್ತಿದ್ದ. ಮೇಷ್ಟ್ರು ಚಪ್ಪಲಿ ಬಿಟ್ಟು ಹಿಂದೆಯೇ ನೀರಿಗಿಳಿದರು. ಅವರು ಮುಟ್ಟುವ ಹೊತ್ತಿಗೆ ಕೊಂಡಪ್ಪ ಹಕ್ಕಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಸಣ್ಣ ಚಾಕುವಿನಿಂದ ಬಲಗಣ್ಣಿನ ದಾರ ಕತ್ತರಿಸಿ ಎಳೆದಾಗಿತ್ತು.

“ಏನೋ ಮಾಡ್ತಿದ್ದೀಯ?”

“ಬಿಡ್ತಾ ಇದ್ದೀನಿ ಸಾಮಿ. ನಿಮ್ಮ ಕೆಲಸ ಆಯ್ತಲ್ಲ.”

“ಮುಂದಿನ ಭಾನುವಾರದವರೆಗೆ ಇರಬೇಕು ಇದು. ತಿರುಗಿ ಹೊಲಿ.”

ಕೊಂಡಪ್ಪ ಅವರ ಮುಖ ನೋಡಿದ. “ವಾರಾನಾ? ಸಾಮಿ, ಇವತ್ತು ನಸುಕಿಗೆ ಹೊಲಿದಿದ್ದು, ಹೊತ್ತು ಮುಳುಗೋದ್ರೊಳಗೆ ದಾರ ಬಿಚ್ಚಬೇಕು. ನಮ್ಮಪ್ಪನ ಕಾಲದಿಂದ ಇರೋ ಕಟ್ಟು. ಹೊಲಿದ ಕಣ್ಣಿನ ಮೇಲೆ ಕತ್ತಲಾದ್ರೆ ನಮ್ಮನೇಲಿ ಕುರುಡು ಕೂಸು ಹುಟ್ತದೆ. ಹೊಟ್ಟೆಪಾಡಿಗೆ ಒಂದು ಹಗಲು ಮಾತ್ರ. ವಾರ ಇಟ್ರೆ ಕೀವಾಗಿ ಕಣ್ಣೇ ಹೋಗ್ತದೆ.”

“ಹೊಲೀದೆ, ಬರೀ ಕಾಲು ಕಟ್ಟಿದರೆ?”

“ಕಣ್ಣು ಕಂಡ್ರೆ ಸುಮ್ಕಿರ್ತದಾ? ಒದ್ದಾಡಿ ಕಾಲು ಮುರ್ಕೊಂಡು ಬೆಳಗಾಗೋದ್ರೊಳಗೆ ಸಾಯ್ತದೆ. ಬಿಟ್ಟುಬಿಡಣ ಸಾಮಿ.”

“ನಿನ್ನ ಅರ್ಜಿ ಬೇಡವೇನೋ?”

“ಬ್ಯಾಡ,” ಎಂದ ಕೊಂಡಪ್ಪ. ಆಮೇಲೆ ಹಕ್ಕಿಯನ್ನು ಎತ್ತಿ ಮೇಷ್ಟ್ರ ತೋಳಿಗೆ ಕೊಟ್ಟ. ತಲೆಗೆ ಸುತ್ತಿದ ಬಟ್ಟೆಯಿಂದ ಸೂಜಿ ತೆಗೆದು, ದಾರದ ಸಮೇತ ಅವರ ಅಂಗಿಯ ಎದೆಗೆ ಚುಚ್ಚಿದ. “ನೀವು ಓದಿದೋರು. ನೀವೇ ಹೊಲೀರಿ.” ತಿರುಗಿ ನೋಡದೆ ನೀರಿಗಿಳಿದು ಏರಿಯ ಕಡೆ ಹೋದ.

ಹಕ್ಕಿ ಮೇಷ್ಟ್ರು ಎಣಿಸಿದ್ದಕ್ಕಿಂತ ಹಗುರವಾಗಿತ್ತು. ಅದರ ಎದೆ ಅವರ ಎದೆಗೆ ಬಡಿಯುತ್ತಿತ್ತು. ಈಗ ಬಿಟ್ಟುಬಿಡಬಹುದಿತ್ತು, ಯಾರೂ ನೋಡುತ್ತಿರಲಿಲ್ಲ. ಹಾರಿಹೋಯಿತು ಸಾರ್ ಎಂದು ಒಂದು ಕಾರ್ಡು ಬರೆದರಾಗುತ್ತಿತ್ತು. ಆದರೆ ಹದಿನೈದು ಜನ ಜೀಪುಗಳಿಂದಿಳಿದು ಖಾಲಿ ನಡುಗಡ್ಡೆ ನೋಡಿ ಒಬ್ಬರ ಮುಖ ಒಬ್ಬರು ನೋಡುವುದೂ, ಹೆಡ್ಮೇಷ್ಟ್ರ ಹೊಟ್ಟೆ ಕುಣಿಯುವುದೂ ಅವರಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಅವರು ಒದ್ದೆ ಮಣ್ಣಿನಲ್ಲಿ ಮಂಡಿಯೂರಿ ಹಕ್ಕಿಯನ್ನು ತೊಡೆಗಳ ನಡುವೆ ಒತ್ತಿ ಹಿಡಿದರು. ದುರ್ಬೀನು ಜೋತು ಅದರ ತಲೆಗೆ ಬಡಿಯುತ್ತಿತ್ತು. ಬೆನ್ನಿನ ಮೇಲಕ್ಕೆ ಎಸೆದುಕೊಂಡರು.

ತೆರೆದ ಒಂದು ಕಣ್ಣು ಅವರನ್ನೇ ನೋಡುತ್ತಿತ್ತು. ಅದರ ಮೇಲೆ ತೆಳ್ಳಗಿನ ಪರದೆಯೊಂದು ಅಡ್ಡಕ್ಕೆ ಸರಿದು ಹಿಂದಕ್ಕೆ ಹೋಯಿತು. ಹಕ್ಕಿಗಳಿಗೆ ಮೂರನೆಯದೊಂದು ರೆಪ್ಪೆ ಉಂಟು ಎಂದು ಅವರು ಪ್ರತಿ ವರ್ಷ ಹುಡುಗರಿಗೆ ಬರೆಸುತ್ತಿದ್ದರು. ಕಣ್ಣಾರೆ ಕಂಡದ್ದು ಇದೇ ಮೊದಲು. ಅದು ಸೂಜಿಗೆ ಸಿಕ್ಕಬಾರದೆಂದು ಎಚ್ಚರದಿಂದ ಕೆಳರೆಪ್ಪೆಯನ್ನು ಉಗುರಿನಲ್ಲಿ ಮೇಲಕ್ಕೆಳೆದು ಚುಚ್ಚಿದರು. ಮೊದಲ ಹೊಲಿಗೆ ಸೊಟ್ಟ ಬಿತ್ತು, ಹಕ್ಕಿಯ ಮೈಯೆಲ್ಲ ಜಗ್ಗಿತು. ಎರಡನೆಯದು ನೆಟ್ಟಗೆ ಬಿತ್ತು. ನಾಲ್ಕನೆಯ ಹೊಲಿಗೆಗೆ ಹಕ್ಕಿ ಸುಮ್ಮನಾಯಿತು. ಕತ್ತರಿಸಲು ಚಾಕು ಇರಲಿಲ್ಲ. ಮೇಷ್ಟ್ರು ಬಗ್ಗಿ, ಅದರ ಮುಖಕ್ಕೆ ಮುಖ ಕೊಟ್ಟು, ದಾರವನ್ನು ಹಲ್ಲಿನಿಂದ ಕಡಿದರು.